ಕಾರ್ಡಕ್ಕ ಒಬ್ಬರೆಂದು ಎಣಿಸಿದ ಇಬ್ಬರು

ಇದನ್ನು ಬರೆಯುತ್ತಿರುವವನು ಪಾತ್ರೆ ಅಂಗಡಿಯವನು. ಮೂವತ್ತು ವರ್ಷ ಗಲ್ಲಾದ ಹಿಂದೆ ಕೂತವನಿಗೆ ಮನುಷ್ಯರನ್ನೂ ಮಾಲಿನ ಹಾಗೆ ಅಳೆಯುವ ಚಾಳಿ ಅಂಟಿಬಿಡುತ್ತದೆ. ಹಾಗೆ ಅಳೆದರೆ ಕಾರ್ಡಕ್ಕ ಮೊದಲ ನೋಟಕ್ಕೆ ಕೈಗೆತ್ತಿಕೊಳ್ಳುವ ಮಾಲಲ್ಲ. ಎತ್ತರ ಐದಡಿಗೆ ಒಂದು ಬೆರಳು ಕಡಿಮೆ. ತೂಕ ಎಂಬುದೇನಾದರೂ ಇದ್ದರೆ ಅದು ಹೆಗಲಿನ ಚೀಲದ್ದು. ಎಡಗಾಲಿನ ಚಪ್ಪಲಿಯ ಹಿಮ್ಮಡಿ ಸವೆದಿದೆ, ಬಲಗಾಲಿನದು ಸವೆದಿಲ್ಲ. ಎಂದರೆ ಭಾರವನ್ನು ವರ್ಷಗಟ್ಟಲೆ ಒಂದೇ ಹೆಗಲಿಗೆ ಹಾಕಿಕೊಂಡು ನಡೆದವರು. ಬಲಗೈಯ ನಡುಬೆರಳಲ್ಲಿ ಪೆನ್ನು ಕೊರೆದ ಗುಳಿ. ಬೆಲೆ ಕೇಳುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ಅಂಗಡಿಯೊಳಗೆ ಬಂದರೆ ಪಾತ್ರೆಗಳನ್ನು ಬಿಟ್ಟು ಗೋಡೆಯನ್ನೂ ಕಿಟಕಿಯನ್ನೂ ನೋಡುತ್ತಾರೆ. ಇಂಥ ಗಿರಾಕಿಗಳಲ್ಲಿ ಎರಡೇ ಬಗೆ: ತೆರಿಗೆ ಇಲಾಖೆಯವರು, ಇಲ್ಲವೇ ದಾರಿ ತಪ್ಪಿ ಬಂದವರು. ಕಾರ್ಡಕ್ಕ ಎರಡೂ ಅಲ್ಲ ಎಂದು ಅಂಗಡಿಯವನಿಗೆ ಹೊಳೆಯುವಷ್ಟರಲ್ಲಿ ಅವನ ಮನೆಯ ಸಮಾಚಾರವೆಲ್ಲ ಅವರ ಚೀಲಕ್ಕೆ ಬಿದ್ದಾಗಿತ್ತು.

ಅವರ ಕಸುಬು ಎಣಿಸುವುದು. ಊರಿನ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ, ಲಿಫ್ಟು ಹೋಗದ ಮೂಲೆಯಲ್ಲಿ ಒಂದು ಕೋಣೆಯಿದೆ. ಬಾಗಿಲ ಮೇಲೆ ಕ್ಯಾನ್ಸರ್ ನೋಂದಣಿ ಕಚೇರಿ ಎಂಬ ಬೋರ್ಡು. ಊರಿನಲ್ಲಿ ಯಾರಿಗೆ ಕ್ಯಾನ್ಸರ್ ಬಂದರೂ, ಅವರು ಯಾವ ಆಸ್ಪತ್ರೆಗೆ ಹೋದರೂ, ಅವರ ಹೆಸರಿನ ಒಂದು ಕಾರ್ಡು ಕೊನೆಗೆ ಆ ಕೋಣೆಯ ಕಬ್ಬಿಣದ ಡ್ರಾಯರಿಗೆ ಬಂದು ಸೇರಬೇಕು. ಕಾರ್ಡು ತಾನಾಗಿ ನಡೆದು ಬರುವುದಿಲ್ಲವಲ್ಲ. ಅದನ್ನು ತರುವವರು ಕಾರ್ಡಕ್ಕ. ಬೆಳಿಗ್ಗೆ ಪ್ರಯೋಗಾಲಯದ ವರದಿಗಳು, ಮಧ್ಯಾಹ್ನ ವಾರ್ಡುಗಳು, ವಾರಕ್ಕೊಮ್ಮೆ ಖಾಸಗಿ ಆಸ್ಪತ್ರೆಗಳು, ತಿಂಗಳಿಗೊಮ್ಮೆ ಜನನ ಮರಣದ ಕಚೇರಿ. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು ಎಂದು ವಾರ್ಡಿನ ಆಯಾಗಳು ಆಡಿಕೊಳ್ಳುತ್ತಿದ್ದರು. ಎದುರಿಗೆ ಬಂದರೆ ಮಾತ್ರ ‘ಬನ್ನಿ ಕಾರ್ಡಕ್ಕಾ, ಇವತ್ತು ಐದು ಜನ ಇದಾರೆ ನಿಮಗೆ’ ಎಂದು ತರಕಾರಿ ಎತ್ತಿಟ್ಟವರ ಹಾಗೆ ಹೇಳುತ್ತಿದ್ದರು.

ಇಪ್ಪತ್ಮೂರನೇ ವಯಸ್ಸಿಗೆ ತಾತ್ಕಾಲಿಕವೆಂದು ಸೇರಿದ ಕೆಲಸ ಅದು. ಮೂವತ್ತೊಂದು ವರ್ಷವಾದರೂ ಆ ತಾತ್ಕಾಲಿಕ ಮುಗಿದಿರಲಿಲ್ಲ. ಗಂಡ ಗಡಿಯಾರ ರಿಪೇರಿಯವರು, ಬಸ್‌ ನಿಲ್ದಾಣದ ಎದುರಿನ ಅಲಮಾರಿಯಷ್ಟು ಅಗಲದ ಅಂಗಡಿ. ಮದುವೆಯಾದ ಹೊಸತರಲ್ಲೇ ಅವರು ಹೇಳಿಬಿಟ್ಟಿದ್ದರು:

“ನಾನು ನಿಂತೋದ ಗಡಿಯಾರ ಓಡಿಸ್ತೀನಿ, ನೀನು ನಿಂತೋದವರ ಪಟ್ಟಿ ಬರೀತೀಯ. ಒಳ್ಳೇ ಜೋಡಿ ಕಣೇ ನಮ್ದು.”

“ಪಟ್ಟೀಲಿ ಇರೋರೆಲ್ಲ ನಿಂತೋದವರಲ್ಲ ರೀ. ಓಡಾಡ್ಕೊಂಡಿರೋರೂ ಇದಾರೆ.”

“ಶ್ವಾಸಕೋಶದವರಲ್ಲಿ?”

ಕಾರ್ಡಕ್ಕ ತಟ್ಟೆ ಎತ್ತಿಡಲು ಎದ್ದಿದ್ದರು. ಶ್ವಾಸಕೋಶದ ಡ್ರಾಯರು ಬೇರೆ ಡ್ರಾಯರುಗಳ ಹಾಗಿರಲಿಲ್ಲ. ಕಾರ್ಡಿನ ಮೇಲ್ಭಾಗದಲ್ಲಿ ಕಾಯಿಲೆ ಪತ್ತೆಯಾದ ದಿನ, ಕೆಳಭಾಗದಲ್ಲಿ ಸಾವಿನ ದಿನ. ಬೇರೆ ಕ್ಯಾನ್ಸರುಗಳಲ್ಲಿ ಕೆಳಭಾಗ ಎಷ್ಟೋ ವರ್ಷ ಖಾಲಿ ಉಳಿಯುತ್ತಿತ್ತು. ಶ್ವಾಸಕೋಶದ ಕಾರ್ಡುಗಳಲ್ಲಿ ಹೆಚ್ಚಿನವು ವರ್ಷ ತುಂಬುವುದರೊಳಗೆ ಭರ್ತಿಯಾಗುತ್ತಿದ್ದವು. ಕಾಯಿಲೆ ಸದ್ದಿಲ್ಲದೆ ಬೆಳೆದು, ಗೊತ್ತಾಗುವ ಹೊತ್ತಿಗೆ ಕೈ ಮೀರಿರುತ್ತಿತ್ತು. ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗೆ ಬರುವ ಕ್ಯಾನ್ಸರೂ ಅದೇ, ಅತಿ ಹೆಚ್ಚು ಜನರನ್ನು ಕೊಲ್ಲುವ ಕ್ಯಾನ್ಸರೂ ಅದೇ. ವರ್ಷಕ್ಕೆ ಹೆಚ್ಚು ಕಡಿಮೆ ಇಪ್ಪತ್ತೈದು ಲಕ್ಷ ಜನರಿಗೆ ಬರುತ್ತದೆ, ಹದಿನೆಂಟು ಲಕ್ಷ ಜನ ಹೋಗುತ್ತಾರೆ. ಕಾರ್ಡಕ್ಕನಿಗೆ ಆ ಲಕ್ಷಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಅವರ ಕಣ್ಣಿಗೆ ಬೀಳುತ್ತಿದ್ದದ್ದು ತಮ್ಮದೇ ಅಕ್ಷರದಲ್ಲಿರುವ ಕೆಳಭಾಗ.

ಅವರ ಕೆಲಸದಲ್ಲಿ ತಲೆ ಮೇಲೆ ತಲೆ ಬಿದ್ದರೂ ಮೀರಬಾರದ ಎರಡು ನಿಯಮಗಳಿದ್ದವು. ಮೊದಲನೆಯದು, ಒಬ್ಬ ಮನುಷ್ಯನನ್ನು ಎರಡು ಸಲ ಎಣಿಸಬಾರದು. ಒಬ್ಬನೇ ರೋಗಿ ಮೂರು ಆಸ್ಪತ್ರೆಗೆ ಹೋಗಿರುತ್ತಾನೆ. ಒಂದು ಕಡೆ ಪೂರ್ತಿ ಹೆಸರು, ಒಂದು ಕಡೆ ಅರ್ಧ ಹೆಸರು, ಮತ್ತೊಂದು ಕಡೆ ಮನೆಯಲ್ಲಿ ಕರೆಯುವ ಹೆಸರು. ಅವರೆಲ್ಲ ಒಬ್ಬನೇ ಎಂದು ಪತ್ತೆ ಹಚ್ಚಿ ಕಾರ್ಡುಗಳನ್ನು ಗುಂಡುಸೂಜಿಯಲ್ಲಿ ಚುಚ್ಚಿ, ಮೇಲೆ ಕೆಂಪು ಪೆನ್ಸಿಲಿನಲ್ಲಿ ‘ಒಬ್ಬರೇ’ ಎಂದು ಬರೆಯಬೇಕು. ಇದರಲ್ಲಿ ಕಾರ್ಡಕ್ಕನನ್ನು ಮೀರಿಸಿದವರಿರಲಿಲ್ಲ. ಎರಡನೆಯದು, ರೋಗಿಯ ಮನೆಗೆ ಹೋದರೆ ಕೇಳಬೇಕು, ಬರೆದುಕೊಳ್ಳಬೇಕು, ಬರಬೇಕು. ಔಷಧಿ, ಸಲಹೆ, ಸಮಾಧಾನ ಯಾವುದಕ್ಕೂ ಬಾಯಿ ಹಾಕಬಾರದು.

ಮೊದಲನೇ ನಿಯಮವನ್ನು ಅವರು ಪಾಲಿಸಿ ಕೆಟ್ಟರು. ಎರಡನೆಯದನ್ನು ಮುರಿದರು. ಕತೆ ಇರುವುದು ಇಷ್ಟೇ.

ಮೊದಲನೆಯದು ನಡೆದದ್ದು ಅವರು ಕೆಲಸಕ್ಕೆ ಸೇರಿ ಹದಿನೇಳನೆಯ ವರ್ಷದಲ್ಲಿ. ದೊಡ್ಡಾಸ್ಪತ್ರೆಯಿಂದ ಒಂದು ಕಾರ್ಡು ಬಂದಿತ್ತು: ಹೆಂಗಸು, ಐವತ್ತೆರಡು ವರ್ಷ, ಶ್ವಾಸಕೋಶ, ಗ್ರಂಥಿಯ ಬಗೆಯ ಗಡ್ಡೆ. ಧೂಮಪಾನ: ಇಲ್ಲ. ಐದು ತಿಂಗಳ ಮೇಲೆ ಊರಿನ ಆಚೆ ತುದಿಯ ಖಾಸಗಿ ಆಸ್ಪತ್ರೆಯಿಂದ ಇನ್ನೊಂದು: ಹೆಂಗಸು, ಐವತ್ತೊಂದು ವರ್ಷ, ಶ್ವಾಸಕೋಶ, ಅದೇ ಬಗೆಯ ಗಡ್ಡೆ. ಧೂಮಪಾನ: ಇಲ್ಲ. ಮನೆ ನಂಬರು ಒಂದೇ. ಗಂಡನ ಹೆಸರಿನ ಮೊದಲ ಅರ್ಧ ಒಂದೇ. ಹೆಂಗಸರ ಹೆಸರು ಬೇರೆ, ನಿಜ. ಆದರೆ ಹೆಂಗಸರಿಗೆ ಕಾಗದದಲ್ಲೊಂದು ಮನೆಯಲ್ಲೊಂದು ಹೆಸರಿರುವುದು ಕಾರ್ಡಕ್ಕನಿಗೆ ನಿತ್ಯದ ಪಾಡು. ಮರಣದ ಕಚೇರಿಯಲ್ಲಿ ನೋಡಿದರೆ ಆ ಮನೆಯಿಂದ ಆ ವರ್ಷ ಒಂದೇ ಸಾವು.

ಆದರೂ ಒಂದು ಕ್ಷಣ ತಡೆದರು. ಆ ಬೀದಿಗೆ ಹೋಗಿ ನೋಡಿಬರಲೇ ಎಂದುಕೊಂಡರು. ಆಮೇಲೆ ತಮಗೆ ತಾವೇ ನಕ್ಕರು. ಸಿಗರೇಟು ಮುಟ್ಟದ ಹೆಂಗಸರು ಇಬ್ಬರು, ಒಂದೇ ಮನೆಯಲ್ಲಿ, ಒಂದೇ ವರ್ಷದಲ್ಲಿ, ಒಂದೇ ಕಾಯಿಲೆಗೆ ಬೀಳುವುದುಂಟೇ? ಗುಂಡುಸೂಜಿ ಚುಚ್ಚಿದರು. ‘ಒಬ್ಬರೇ’ ಎಂದು ಬರೆದರು. ನೋಂದಣಿ ಕಚೇರಿಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಆ ತಿಂಗಳು ಅವರ ಕೆಲಸವನ್ನು ಎಲ್ಲರೆದುರು ಹೊಗಳಿದ್ದರು ಕೂಡ.

ಮುಂದಿನ ಹದಿನಾಲ್ಕು ವರ್ಷ ಆ ಜೋಡಿ ಡ್ರಾಯರಿನಲ್ಲಿ ತಣ್ಣಗೆ ಮಲಗಿತ್ತು. ಈ ನಡುವೆ ಡ್ರಾಯರಿನ ಮುಖವೇ ಬದಲಾಗತೊಡಗಿತ್ತು. ಮೊದಲೆಲ್ಲ ಶ್ವಾಸಕೋಶದ ಕಾರ್ಡು ಎಂದರೆ ಗಂಡಸು, ಅರವತ್ತರ ಆಸುಪಾಸು, ದಿನಕ್ಕೆ ಎರಡು ಪ್ಯಾಕು. ಕಾರ್ಡಕ್ಕ ಕಣ್ಣು ಮುಚ್ಚಿ ಭರ್ತಿ ಮಾಡಬಹುದಿತ್ತು. ಬರಬರುತ್ತ ಗಂಡಸರ ದರ ಮೆಲ್ಲಗೆ ಇಳಿಯತೊಡಗಿತು. ಸಿಗರೇಟು ಬಿಟ್ಟದ್ದರ ಫಲ ಕೂಡಲೇ ಸಿಗುವುದಿಲ್ಲ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಜನ ಎಷ್ಟು ಸೇದಿದ್ದರು ಎಂಬುದು ಇವತ್ತಿನ ಡ್ರಾಯರಿನಲ್ಲಿ ಕಾಣುತ್ತದೆ. ಕಚೇರಿಯ ನಕ್ಷೆಯಲ್ಲಿ ಹೆಂಗಸರ ಗೆರೆ ಮಾತ್ರ ಮೊಂಡು ಬಿದ್ದ ಮಗುವಿನ ಹಾಗೆ ಮೇಲಕ್ಕೇ ತೆವಳುತ್ತಿತ್ತು. ಅವರಲ್ಲಿ ಸೇದುವವರಿದ್ದರು, ಒಂದು ಸಲವೂ ಸೇದದವರೂ ಬಹಳ ಮಂದಿ ಇದ್ದರು.

ಮನೆಯಲ್ಲಿ ಗಂಡ ಗಡಿಯಾರದವರಿಗೆ ಈ ಏರಿಳಿತ ಅರ್ಥವಾಗುತ್ತಿರಲಿಲ್ಲ.

“ಅಲ್ವೇ, ಕಾಯಿಲೆ ಬಂದವರ ಸಂಖ್ಯೆ ಏರಿದೆ ಅಂತೀಯ. ಗಂಡಸರ ದರ ಇಳಿದಿದೆ ಅಂತಾನೂ ಅಂತೀಯ. ಗಡಿಯಾರಕ್ಕೆ ಎರಡು ಮುಳ್ಳಿದ್ರೂ ತೋರ್ಸೋ ಹೊತ್ತು ಒಂದೇ ಕಣೇ.”

“ಊರಲ್ಲಿ ಸಾವಿರ ಗಡಿಯಾರ ಇದ್ದಾಗ ನಿಮ್ಮಂಗಡಿಗೆ ಐವತ್ತು ಕೆಟ್ಟು ಬರ್ತಿತ್ತು ಅಂದ್ಕೊಳ್ಳಿ. ಈಗ ನಾಲ್ಕು ಸಾವಿರ ಗಡಿಯಾರ ಇದೆ, ನೂರು ಕೆಟ್ಟು ಬರುತ್ತೆ. ನಿಮಗೆ ಕೆಲಸ ಎರಡರಷ್ಟು. ಆದ್ರೆ ಗಡಿಯಾರ ಕೆಡೋದು ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?”

“ಕಮ್ಮಿ ಆಯ್ತು.”

“ಹಾಗೇ ಇದೂ. ಅದೂ ಅಲ್ದೆ ಹಳೇ ಗಡಿಯಾರ ಜಾಸ್ತಿ ಕೆಡುತ್ತಲ್ವಾ? ಊರಲ್ಲಿ ವಯಸ್ಸಾದವರು ಹೆಚ್ಚಾದಷ್ಟೂ ಕಾರ್ಡು ಹೆಚ್ಚಾಗುತ್ತೆ. ಅದಕ್ಕೇ ದೊಡ್ಡ ಡಾಕ್ಟರು ವಯಸ್ಸಿನ ವ್ಯತ್ಯಾಸ ಸರಿದೂಗಿಸಿ, ಆಮೇಲೆ ಲಕ್ಷಕ್ಕೆ ಎಷ್ಟು ಅಂತ ನೋಡ್ತಾರೆ.”

“ನಂಗೆ ವಯಸ್ಸಾಯ್ತು ಅಂತ ಹೇಳೋಕೆ ಇಷ್ಟು ಸುತ್ತು ಬಳಸಬೇಕಾ?” ಎಂದು ಗಡಿಯಾರದವರು ಭೂತಗನ್ನಡಿ ಕಣ್ಣಿಗಿಟ್ಟುಕೊಂಡಿದ್ದರು.

ಮೂವತ್ತು ವರ್ಷದ ಅಂಕಿಗಳನ್ನೆಲ್ಲ ಸೇರಿಸಿ ಒಂದು ವರದಿ ಅಚ್ಚು ಹಾಕಿಸಬೇಕೆಂದು ದೊಡ್ಡ ಡಾಕ್ಟರು ಹೊರಟಾಗ ಹೆಂಗಸರ ಗೆರೆ ಅವರಿಗೂ ಇರುಸುಮುರುಸು ಮಾಡಿತು. ಕಾರ್ಡಕ್ಕನನ್ನು ಕರೆದು ಕೂರಿಸಿದರು.

“ನೋಡಿಮ್ಮ, ಈ ಏರಿಕೆ ನಿಜಾನಾ? ಮೊದಲು ಹೆಂಗಸರಿಗೆ ಕೆಮ್ಮು ಬಂದ್ರೆ ಕ್ಷಯ ಅಂತ ಔಷಧಿ ಕೊಟ್ಟು ಕಳಿಸ್ತಿದ್ರು. ಈಗ ಸ್ಕ್ಯಾನ್ ಮಾಡ್ತಾರೆ, ಸಿಗುತ್ತೆ. ಅಥವಾ ನಾವೇ ಮೊದಲು ಸರಿಯಾಗಿ ಎಣಿಸ್ಲಿಲ್ವಾ?”

“ನಾನು ಎಣಿಸಿದ್ದು ಸಾರ್,” ಎಂದರು ಕಾರ್ಡಕ್ಕ. ಅದೇ ಉತ್ತರ ಎಂಬಂತೆ.

“ಗೊತ್ತಮ್ಮ. ಆದ್ರೂ ಶ್ವಾಸಕೋಶದ ಹಳೇ ಜೋಡಿಗಳನ್ನ ಒಂದ್ಸಲ ಮನೆ ಮನೆಗೆ ಹೋಗಿ ನೋಡ್ಕೊಂಡು ಬನ್ನಿ. ಅಚ್ಚಿಗೆ ಹೋದ್ಮೇಲೆ ಬಾಯಿ ಬಡ್ಕೊಂಡ್ರೆ ಆಗಲ್ಲ.”

ನಲವತ್ತೊಂದು ಜೋಡಿಗಳಿದ್ದವು: ಗಂಡಸರದು ಇಪ್ಪತ್ತೊಂಬತ್ತು, ಹೆಂಗಸರದು ಹನ್ನೆರಡು. ಕಾರ್ಡಕ್ಕ ಮನಸ್ಸಿನಲ್ಲೇ ಮುನಿಸಿಕೊಂಡು ಹೊರಟರು. ತಿಂಗಳೊಪ್ಪತ್ತು ತಿರುಗಿದರು. ಪಾತ್ರೆ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ, ಊಟದ ನಂತರದ ವ್ಯಾಪಾರವಿಲ್ಲದ ಹೊತ್ತು.

ಅದು ಇಕ್ಕಟ್ಟಾದ ಬೀದಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಮೂವರು ಅಣ್ಣತಮ್ಮಂದಿರು ಕೂಡಿ ನಡೆಸಿದ ಅಂಗಡಿ. ಅಣ್ಣಂದಿರಿಬ್ಬರೂ ತೀರಿಕೊಂಡು ಈಗ ಕೊನೆಯವನು ಗಲ್ಲಾದಲ್ಲಿದ್ದ, ಬೆರಳ ಸಂದಿಯಲ್ಲಿ ಸಿಗರೇಟು. ಕಾರ್ಡಕ್ಕ ತಮ್ಮ ಗುರುತಿನ ಚೀಟಿ ತೋರಿಸಿ, ಹದಿನಾಲ್ಕು ವರ್ಷದ ಹಿಂದೆ ಈ ಮನೆಯ ಹೆಂಗಸೊಬ್ಬರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರಲ್ಲ, ಅವರ ಬಗ್ಗೆ ಎರಡು ಮಾತು ಕೇಳಬೇಕಿತ್ತು ಎಂದರು.

“ಯಾವ ಅತ್ತಿಗೆ ವಿಷಯ?” ಎಂದ ಅಂಗಡಿಯವನು. “ದೊಡ್ಡತ್ತಿಗೇನಾ, ಚಿಕ್ಕತ್ತಿಗೇನಾ?”

ಕಾರ್ಡಕ್ಕ ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು, ಮತ್ತೆ ತೆಗೆದರು.

“ಇಬ್ರಿಗೂ ಅದೇ ಕಾಯಿಲೇನಾ?”

“ದೊಡ್ಡತ್ತಿಗೆಗೆ ಗಡ್ಡೆ ಅಂತ ಮೊದಲೇ ಹೇಳಿದ್ರು. ಚಿಕ್ಕತ್ತಿಗೆಗೆ ಕ್ಷಯ ಅಂತ ಆರು ತಿಂಗಳು ಮಾತ್ರೆ ನುಂಗ್ಸಿದ್ರು. ಕೊನೆಗೆ ಅದೂ ಗಡ್ಡೇನೇ ಅಂದ್ರು. ಆವಾಗ ಅವರಣ್ಣ ಬಂದು ತವರಿಗೆ ಕರ್ಕೊಂಡು ಹೋದ್ರು, ಅಲ್ಲೇ ಹೋಗ್ಬಿಟ್ರು. ಯಾಕಮ್ಮಾ, ಸರ್ಕಾರದಿಂದ ಏನಾದ್ರೂ ಬರುತ್ತಾ?”

ಬೇರೆ ಊರಿನಲ್ಲಿ ಸತ್ತದ್ದರಿಂದ ಈ ಊರಿನ ಮರಣದ ಪುಸ್ತಕದಲ್ಲಿ ಆಕೆ ಇರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಈ ಬೀದಿಗೆ ಕಾಲಿಟ್ಟಿದ್ದರೆ ಒಂದೇ ಪ್ರಶ್ನೆಯಲ್ಲಿ ತಿಳಿಯುತ್ತಿತ್ತು. ಕಾರ್ಡಕ್ಕ ಬರೆದುಕೊಂಡರು. ಅಡುಗೆಮನೆ ನೋಡಬಹುದೇ ಎಂದರು. ಅಂಗಡಿಯವನು ಹುಬ್ಬೇರಿಸಿದರೂ ಒಳಗೆ ಬಿಟ್ಟ.

ಒಳಗೆ ಹಗಲಿನಲ್ಲೂ ದೀಪ ಉರಿಯುತ್ತಿತ್ತು. ಗೋಡೆಗಳು ಸೊಂಟದ ಎತ್ತರದಿಂದ ಮೇಲಕ್ಕೆ ಕಪ್ಪು, ಬಣ್ಣ ಬಳಿದರೂ ಒಳಗಿನಿಂದ ಮತ್ತೆ ಎದ್ದು ಬರುವ ಕಪ್ಪು. ಒಂದು ಕಾಲದಲ್ಲಿ ಇಲ್ಲಿ ಸೌದೆ ಒಲೆ ಎರಡು, ಇದ್ದಿಲ ಒಲೆ ಒಂದು. ಮನೆಯವರು, ಕೆಲಸದವರು ಸೇರಿ ಇಪ್ಪತ್ತು ಜನರ ಅಡುಗೆ. ಗ್ಯಾಸ್ ಬಂದು ಎಂಟು ವರ್ಷವಾಗಿತ್ತಷ್ಟೇ. ಕಿಟಕಿಯೊಂದಿತ್ತು. ಅದರಾಚೆಗೆ ಅಂಗಡಿಯ ಗೋದಾಮು. ಹಂಡೆ ಕೊಳಗಗಳನ್ನು ಸಾಲಾಗಿ ಇಡಲಿಕ್ಕೆ ಜಾಗ ಸಾಲದೆ ಆ ಕಿಟಕಿಗೆ ಹಲಗೆ ಹೊಡೆದು ರ್ಯಾಕು ನಿಲ್ಲಿಸಿದ್ದರು. ಅದನ್ನು ಹೊಡೆಸಿದವನು ಇದನ್ನು ಬರೆಯುತ್ತಿರುವವನೇ. ಆಗ ಅದು ಜಾಣತನವೆನಿಸಿತ್ತು.

ಒಲೆಯ ಬಳಿ ಅಂಗಡಿಯವನ ಹೆಂಡತಿ ಚಹಾ ಸೋಸುತ್ತಿದ್ದರು. ನಲವತ್ತೊಂಬತ್ತು ವರ್ಷ. ಬಂದವರಿಗೆ ಲೋಟ ಕೊಡುವ ಮೊದಲು ಮುಖ ಆ ಕಡೆ ತಿರುಗಿಸಿ ಕೆಮ್ಮಿದರು. ಕೊಟ್ಟ ಮೇಲೆ ಮತ್ತೆ ಕೆಮ್ಮಿದರು.

“ಎಷ್ಟು ದಿನದಿಂದಮ್ಮಾ?”

“ಏನೋ ಅಕ್ಕಾ, ಮೂರು ತಿಂಗಳಾಯ್ತೇನೋ. ಧೂಳು ಅಂತಾರೆ ಇವರು. ಪಾತ್ರೆ ಸುತ್ತಿ ಬರೋ ಒಣಹುಲ್ಲಿಂದು.”

ಕಾರ್ಡಕ್ಕ ಚಹಾ ಕುಡಿದರು, ಚೀಲ ಏರಿಸಿಕೊಂಡರು, ಹೊರಗೆ ಬಂದರು. ಕೇಳಬೇಕು, ಬರೆದುಕೊಳ್ಳಬೇಕು, ಬರಬೇಕು. ಬಸ್‌ ನಿಲ್ದಾಣದಲ್ಲಿ ನಿಂತಾಗ ಅವರ ಮುಂದೆಯೇ ಅವರ ಬಸ್ಸು ಬಂತು, ಹೋಯಿತು. ಎರಡನೆಯದೂ ಹೋಯಿತು. ಆಕೆಯ ಕೆಮ್ಮು ಬರೀ ಕೆಮ್ಮೇ ಇರಬಹುದು, ನೂರಕ್ಕೆ ತೊಂಬತ್ತು ಪಾಲು ಹಾಗೆಯೇ ಇರುತ್ತದೆ. ತಾನು ಡಾಕ್ಟರಲ್ಲ. ಹೋಗಿ ಹೇಳಿದರೂ ಆ ಮನುಷ್ಯ ಸೊಪ್ಪು ಹಾಕುವವನಲ್ಲ. ಯಾಕೆ ಎಂದು ಕೇಳುತ್ತಾನೆ. ಯಾಕೆಂದು ಹೇಳಬೇಕಾದರೆ ಗುಂಡುಸೂಜಿಯ ವಿಷಯ ಹೇಳಬೇಕು. ಅದನ್ನು ಇನ್ನೂ ದೊಡ್ಡ ಡಾಕ್ಟರಿಗೇ ಹೇಳಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ತಪ್ಪಾಗಿದೆ ಎಂದು ಯಾರ ಮುಂದೆಯೂ ಹೇಳಿ ಅಭ್ಯಾಸವಿರಲಿಲ್ಲ.

ಮೂರನೆಯ ಬಸ್ಸು ಬರುವ ಮೊದಲೇ ಅವರು ಬೀದಿಗೆ ತಿರುಗಿದರು.

“ಏನಮ್ಮಾ, ಪೆನ್ನು ಬಿಟ್ಟು ಹೋದ್ರಾ?” ಎಂದ ಅಂಗಡಿಯವನು.

“ನಿಮ್ಮನೆಯವರನ್ನ ನಾಳೇನೇ ಆಸ್ಪತ್ರೆಗೆ ತೋರಿಸಿ. ಎದೆ ಸ್ಕ್ಯಾನ್ ಮಾಡಿಸಿ.”

“ತೋರ್ಸಿದ್ವಲ್ಲ. ಮೂಲೆ ಕ್ಲಿನಿಕ್ಕಲ್ಲಿ ಸಿರಪ್ ಕೊಟ್ಟಿದಾರೆ. ಅವಳು ಜನ್ಮದಲ್ಲಿ ಸಿಗರೇಟು ಮುಟ್ಟಿದೋಳಲ್ಲ ತಾಯೀ. ಹೋಗೋದಾದ್ರೆ ನಾನು ಹೋಗ್ಬೇಕು. ಮೂವತ್ತು ವರ್ಷದಿಂದ ಊದ್ತಿದೀನಿ, ನೋಡಿ, ಕಲ್ಲುಗುಂಡಿನ ಹಾಗಿದೀನಿ.”

“ನಿಮ್ಮತ್ತಿಗೆಯವರು ಸೇದ್ತಿದ್ರಾ?”

ಅಂಗಡಿಯವನು ಸಿಗರೇಟು ಆರಿಸಿದ. ಕಾರ್ಡಕ್ಕ ಚೀಲದಿಂದ ಎರಡು ಕಾರ್ಡು ತೆಗೆದು ಗಲ್ಲಾದ ಮೇಲಿಟ್ಟರು. ತುಕ್ಕು ಹಿಡಿದ ಗುಂಡುಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು.

“ಇದು ನಾನು ಬರೆದದ್ದು. ನಿಮ್ಮನೇಲಿ ಹೋದವರು ಇಬ್ರು. ನಾನು ಒಬ್ರು ಅಂತ ಬರ್ಕೊಂಡೆ. ಸೇದದ ಹೆಂಗಸ್ರು ಒಂದೇ ಮನೇಲಿ ಇಬ್ರು ಇರೋಕೆ ಸಾಧ್ಯ ಇಲ್ಲ ಅಂತ ನನಗೆ ನಾನೇ ತೀರ್ಮಾನ ಮಾಡ್ಕೊಂಡೆ. ಬಂದು ಕೇಳ್ಲಿಲ್ಲ.”

ಅಂಗಡಿಯವನು ಕಾರ್ಡನ್ನೇ ನೋಡಿದ. ಚಿಕ್ಕತ್ತಿಗೆ ಅವನನ್ನು ಸಾಕಿದವಳು; ತಾಯಿ ಹೋದ ಮೇಲೆ ಅವನ ತಟ್ಟೆಗೆ ಬಡಿಸಿದ್ದು ಅವಳ ಕೈ.

“ಅಂದ್ರೆ ನಿಮ್ಮ ಲೆಕ್ಕದಲ್ಲಿ ನಮ್ಮ ಚಿಕ್ಕತ್ತಿಗೆ ಇಲ್ಲವೇ ಇಲ್ಲ?”

“ಇಲ್ಲ.”

“ಸತ್ತವರನ್ನ ಎಣಿಸೋಕೇ ಬರದವರು ಬದುಕಿರೋರ ವಿಷಯಕ್ಕೆ ಬರ್ತೀರಾ?” ಎಂದು ಅವನು ಕೂಗಿದ. ಮುಂದಕ್ಕೂ ಬಾಯಿಗೆ ಬಂದಂತೆ ಅಂದ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಎದುರಂಗಡಿಯವರು ಹೊಸ್ತಿಲಿಗೆ ಬಂದು ನಿಂತು ನೋಡುವಷ್ಟು ಅಂದ.

“ಅದಕ್ಕೇ ಬಂದೆ,” ಎಂದರು ಕಾರ್ಡಕ್ಕ. ದನಿ ಏರಿಸಲಿಲ್ಲ. ಹೋಗಲೂ ಇಲ್ಲ.

ನಡುವಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು.

“ರೀ, ಸಾಕು ಸುಮ್ನಿರಿ. ಬೀದೀಗೆಲ್ಲ ಕೇಳ್ತಿದೆ.” ಆಮೇಲೆ ಕಾರ್ಡಕ್ಕನ ಕಡೆ ತಿರುಗಿ, “ನಾಳೆ ಎಷ್ಟು ಗಂಟೆಗೆ ಬರ್ಬೇಕು ಅಕ್ಕಾ?” ಎಂದರು. ಇನ್ನೂ ಮೆಲ್ಲಗೆ, “ಹೋದ ವಾರ ಕರವಸ್ತ್ರದಲ್ಲಿ ಕೆಂಪಗೆ ಗೆರೆ ಬಂದಿತ್ತು. ಇವರು ಹೆದರ್ತಾರೆ ಅಂತ ಒಗೆದ್ಬಿಟ್ಟೆ.”

ಮಾರನೇ ದಿನ ಅಂಗಡಿ ತೆರೆಯಲಿಲ್ಲ. ಕಾರ್ಡಕ್ಕ ಜೊತೆಗಿದ್ದು ದೊಡ್ಡಾಸ್ಪತ್ರೆಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕುಳಿತಿದ್ದ ಎಳೆಯ ಡಾಕ್ಟರು, ಸೇದುವ ಅಭ್ಯಾಸವಿಲ್ಲವಲ್ಲ, ಒಂದು ವಾರ ಮಾತ್ರೆ ತಗೊಂಡು ನೋಡೋಣ ಎಂದರು. ಅಂಗಡಿಯವನು ಎದ್ದೇ ಬಿಟ್ಟ, ಗೆದ್ದವನ ಮುಖ. ಕಾರ್ಡಕ್ಕ ಏಳಲಿಲ್ಲ.

“ಡಾಕ್ಟರೇ, ಇವರ ಮನೇಲಿ ಇಬ್ರು ಹೋಗಿದಾರೆ. ಇಬ್ರೂ ಸೇದ್ತಿರ್ಲಿಲ್ಲ. ಮೂರ್ನೇಯವರು ಅದೇ ಅಡುಗೆಮನೇಲಿ ಇಪ್ಪತ್ತೇಳು ವರ್ಷದಿಂದ ಇದಾರೆ. ರಕ್ತ ಬಂದಿದೆ. ಸ್ಕ್ಯಾನಿಗೆ ಬರ್ಕೊಡಿ. ಇಲ್ಲಾಂದ್ರೆ ದೊಡ್ಡ ಡಾಕ್ಟರ ಹತ್ರ ಬರೆಸ್ಕೊಂಡು ಬರ್ತೀನಿ, ಮೆಟ್ಟಿಲು ಹತ್ತೋದು ನಂಗೇನು ಹೊಸದಲ್ಲ.”

ಡಾಕ್ಟರು ಬರೆದುಕೊಟ್ಟರು. ಹೃದಯದ ಹಿಂದೆ, ಎಕ್ಸ್‌ರೇಗೆ ಮರೆಯಾದ ಜಾಗದಲ್ಲಿ ಗೋಲಿಯಷ್ಟು ಗಾತ್ರದ ಒಂದು ಗಂಟು ಅಡಗಿ ಕೂತಿತ್ತು. ಇನ್ನೆಲ್ಲಿಗೂ ಹರಡಿರಲಿಲ್ಲ. ಮೂರು ವಾರದೊಳಗೆ ಎಡ ಶ್ವಾಸಕೋಶದ ಕೆಳಗಿನ ಭಾಗವನ್ನು ಕತ್ತರಿಸಿ ತೆಗೆದರು. ಆರು ತಿಂಗಳು ತಡವಾಗಿದ್ದರೆ ಎಂದು ಶಸ್ತ್ರವೈದ್ಯರು ಶುರು ಮಾಡಿದ ಮಾತನ್ನು ಅಂಗಡಿಯವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವನನ್ನೂ ಪರೀಕ್ಷೆ ಮಾಡಿದರು. ಮೂವತ್ತು ವರ್ಷ ಊದಿದವನ ಎದೆಯಲ್ಲಿ ಏನೂ ಇರಲಿಲ್ಲ. ಅವನಿಗೆ ಅಷ್ಟು ನಾಚಿಕೆಯಾದದ್ದು ಬೇರಾವ ದಿನವೂ ಇಲ್ಲ.

ಇದು ಅಡುಗೆಮನೆಯ ಹೊಗೆಯಿಂದಲೇ ಬಂತೇ, ಗಂಡಸರು ಊಟದ ಮನೆಯಲ್ಲಿ ಕೂತು ಸೇದಿದ್ದರಿಂದ ಬಂತೇ ಎಂದು ಅವನು ದೊಡ್ಡ ಡಾಕ್ಟರನ್ನು ಕೇಳಿದ. ಒಬ್ಬರ ವಿಷಯದಲ್ಲಿ ಇದರಿಂದಲೇ ಎಂದು ಬೆರಳು ತೋರಿಸಲಾಗದು, ಸಾವಿರಾರು ಜನರನ್ನು ಎಣಿಸಿದಾಗ ಎರಡೂ ಅಪಾಯವೆಂದು ಕಾಣುತ್ತದೆ, ಅದಕ್ಕೇ ಎಣಿಸುವುದು ಎಂದರು ಅವರು. ಅಂಗಡಿಯವನು ಮನೆಗೆ ಹೋಗಿ ರ್ಯಾಕು ಕಿತ್ತ. ಸಿಗರೇಟನ್ನೂ ಬಿಟ್ಟ, ಮೂರನೇ ಪ್ರಯತ್ನದಲ್ಲಿ.

ಕಾರ್ಡಕ್ಕನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ದೊಡ್ಡ ಡಾಕ್ಟರ ಮೇಜಿನ ಮೇಲೆ ಜೋಡಿಗಳನ್ನು ಹರಡಿದರು. ಗಂಡಸರ ಇಪ್ಪತ್ತೊಂಬತ್ತರಲ್ಲಿ ಒಂದೂ ತಪ್ಪಿರಲಿಲ್ಲ. ಹೆಂಗಸರ ಹನ್ನೆರಡರಲ್ಲಿ ನಾಲ್ಕು ಜೋಡಿ ನಿಜವಾಗಿ ಎಂಟು ಹೆಂಗಸರು.

“ಗಂಡಸರದ್ದಾದ್ರೆ ಅನುಮಾನ ಬಂದ ಕೂಡ್ಲೆ ಮನೆಗೆ ಹೋಗಿ ಬರ್ತಿದ್ದೆ ಸಾರ್. ಹೆಂಗಸರದ್ದು ಅಂದ್ರೆ ಬಂದ ಅನುಮಾನಾನೂ ತಳ್ಳಿಹಾಕ್ತಿದ್ದೆ. ಅವರಿಗೆ ಈ ಕಾಯಿಲೆ ಬರಲ್ಲ ಅಂತ ನಾನೇ ಮೊದಲು ಬರೆದಿಟ್ಕೊಂಡಿದ್ದೆ ತಲೇಲಿ.”

ದೊಡ್ಡ ಡಾಕ್ಟರು ಹೆಂಗಸರ ಗೆರೆಯ ಮೇಲೆ ಬೆರಳಿಟ್ಟರು. “ನಾಲ್ಕು ಜನ ಹಳೇ ವರ್ಷಗಳಿಗೆ ಸೇರಿದ್ರೆ ಹಳೇ ದರ ಸ್ವಲ್ಪ ಮೇಲೆ ಬರುತ್ತೆ. ಏರಿಕೆ ಇದ್ದೇ ಇದೆ, ಆದ್ರೆ ನಾವಂದ್ಕೊಂಡಷ್ಟು ಕೆಳಗಿಂದ ಶುರು ಆಗಿದ್ದಲ್ಲ. ಮೊದಲಿಂದಲೂ ಇವರು ಇದ್ರು.” ಆಮೇಲೆ ಕನ್ನಡಕ ತೆಗೆದಿಟ್ಟು, “ಪುಟ ಆಗಲೇ ಅಚ್ಚಿಗೆ ಕೂರಿಸಿದಾರಮ್ಮ. ಒಂದು ವರ್ಷಕ್ಕೆ ಒಬ್ಬರು ಸೇರಿದ್ರೆ ಎರಡನೇ ದಶಾಂಶದಲ್ಲಿ ಒಂದಂಕಿ ಬದಲಾಗುತ್ತೆ, ಅಷ್ಟೇ,” ಎಂದರು.

“ಬದಲಾಗ್ಲಿ ಸಾರ್,” ಎಂದರು ಕಾರ್ಡಕ್ಕ.

ಪುಟ ಬದಲಾಯಿತು. ವರದಿಯ ಕೊನೆಯಲ್ಲಿ, ತಪ್ಪು ಎಣಿಕೆ ಹೇಗಾಯಿತು ಎಂದು ನಾಲ್ಕು ಸಾಲಿನ ಟಿಪ್ಪಣಿ ಸೇರಿತು. ಯಾರ ಕೈಯಿಂದ ಎಂದು ಅದರಲ್ಲಿ ಇರಲಿಲ್ಲ. ಕಾರ್ಡಕ್ಕ ತಮ್ಮ ಹೆಸರು ಹಾಕಿ ಎಂದಿದ್ದರು, ದೊಡ್ಡ ಡಾಕ್ಟರು ಕೇಳಲಿಲ್ಲ. ಮುಂದಿನ ಕಾರ್ಡುಗಳಲ್ಲಿ ಧೂಮಪಾನದ ಸಾಲಿನ ಪಕ್ಕ, ಅಚ್ಚಾಗದ ಜಾಗದಲ್ಲಿ, ಅವರು ಪೆನ್ಸಿಲಿನಲ್ಲಿ ಎರಡು ಪ್ರಶ್ನೆ ಬರೆಯತೊಡಗಿದರು: ಒಲೆ ಯಾವುದು? ಮನೆಯೊಳಗೆ ಸೇದುವವರು ಯಾರು? ಮೇಲಿನಿಂದ ಬಂದ ಫಾರಮ್ಮಿನಲ್ಲಿ ಇಲ್ಲದ್ದನ್ನು ಬರೆಯಬೇಡಿ ಎಂದು ಮೆಮೊ ಬಂತು. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬರೆಯುತ್ತಲೇ ಇದ್ದರು. ನಿವೃತ್ತರಾಗುವ ದಿನದವರೆಗೂ.

ಅಂಗಡಿಯವನ ಹೆಂಡತಿಯ ಕಾರ್ಡನ್ನೂ ಅವರೇ ಬರೆದರು. ಐದು ವರ್ಷ ತುಂಬಿದೆ. ಮೊನ್ನೆಯ ಸ್ಕ್ಯಾನಿನಲ್ಲೂ ಏನೂ ಇಲ್ಲ. ಮಹಡಿ ಹತ್ತುವಾಗ ನಡುವೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಗಂಡನನ್ನು ಬೈಯುವಾಗ ಮಾತ್ರ ಎಲ್ಲೂ ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಇಬ್ಬರೂ ಹೆಂಗಸರು ಹಿಂದಿನ ಕೋಣೆಯಲ್ಲಿ ಕೂತು ಹರಟುತ್ತಾರೆ. ಈ ಬರಹದ ಅರ್ಧ ಭಾಗ ಅಲ್ಲಿಂದಲೇ ಕೇಳಿಸಿಕೊಂಡದ್ದು.

ಅಂದು ಗಲ್ಲಾದ ಹಿಂದಿನಿಂದ ಅಂದ ಮಾತಿಗೆ ಅಂಗಡಿಯವನು ಇವತ್ತಿನವರೆಗೂ ಕಾರ್ಡಕ್ಕನ ಬಳಿ ಕ್ಷಮೆ ಕೇಳಿಲ್ಲ. ಕೇಳಲು ಹೋದಾಗಲೆಲ್ಲ ಅವರು ‘ಹೋಗ್ಲಿ ಬಿಡಿ, ನಿಮ್ಮತ್ತಿಗೆಯವರ ವಿಷಯ ಹೇಳಿ’ ಎಂದು ಮಾತು ತಿರುಗಿಸುತ್ತಾರೆ. ಅವನ ಹೆಂಡತಿ ಬದುಕಿದ್ದಾರೆ. ಅವನ ಚಿಕ್ಕತ್ತಿಗೆ ಹದಿನಾಲ್ಕು ವರ್ಷದ ಮೇಲಾದರೂ ಎಣಿಕೆಗೆ ಬಂದಿದ್ದಾರೆ. ಇವೆರಡಕ್ಕೂ ಇದನ್ನು ಬರೆದವನು ಕಾರ್ಡಕ್ಕನಿಗೆ ಋಣಿ.